ಹೂಂಗಮ್ಮನಿಗೆ ಹಚ್ಚಿದ ಮೂರು ಕಡ್ಡಿ

ಸತ್ತ ಗಂಡನ ಫೋಟೋದ ಪಕ್ಕದಲ್ಲಿ ಬದುಕಿರುವ ಇನ್ನೊಬ್ಬ ಹೆಂಗಸಿನ ಫೋಟೋ ಇಟ್ಟು, ತನ್ನ ಕೈಯಾರೆ ಊದುಬತ್ತಿ ಹಚ್ಚಿದ ಹೆಂಡತಿ ಹೊಸೂರಿನಿಂದ ಕೃಷ್ಣಗಿರಿಯವರೆಗೆ ಹುಡುಕಿದರೂ ನಾನೊಬ್ಬಳೇ ಸಿಕ್ಕೇನು. ನಮ್ಮ ಯಜಮಾನರು ಬದುಕಿದ್ದಾಗ ಬಸ್ಸಿನಲ್ಲಿ ಪರಹೆಂಗಸಿನ ಪಕ್ಕ ಸೀಟು ಖಾಲಿ ಇದ್ದರೂ ಸೂಳಗಿರಿಯಿಂದ ಹೊಸೂರಿನವರೆಗೆ ನಿಂತೇ ಹೋಗುತ್ತಿದ್ದ ಮನುಷ್ಯ. (ಭಯ ಆ ಹೆಂಗಸಿನದಲ್ಲ, ನನ್ನದು.) ಅಂಥವರಿಗೆ ಸತ್ತ ಮೇಲೆ ಪರದೇಶದ ಜೊತೆ ಮಾಡಿಕೊಟ್ಟೆ. ಪುಣ್ಯ ಕಟ್ಟಿಕೊಳ್ಳೋಣ ಅಂತ ಹೋಗಿ ಏನು ಕಟ್ಟಿಕೊಂಡೆ ಅನ್ನುವುದನ್ನು ಹೇಳುತ್ತೇನೆ, ಕೇಳಿ. ನಗು ಬಂದರೆ ನೀವು ನಗಬಹುದು. ನನಗೆ ಈಗ ನಗುವುದಕ್ಕೂ ಮನೆಯವರ ಅಪ್ಪಣೆ ಬೇಕು. ಜೋರಾಗಿ ನಕ್ಕರೆ ಬಿಪಿ ಏರುತ್ತದಂತೆ.

ನಮ್ಮದು ಊದುಬತ್ತಿ ಕೆಲಸ. ಗಡಿ ದಾಟಿ ತಮಿಳುನಾಡಿನ ಕಡೆ, ಸೂಳಗಿರಿಯಿಂದ ಸ್ವಲ್ಪ ಒಳಗೆ, ಮನೆಗೆ ಅಂಟಿಕೊಂಡ ಹಾಗೆ ಒಂದು ತಗಡಿನ ಶೆಡ್ಡು, ಅದರಲ್ಲಿ ನಾಲ್ಕು ಮೆಷಿನ್ನು, ಏಳೆಂಟು ಜನ ಹೆಂಗಸರು. ಮುಂದಿನ ಬೋರ್ಡಿನ ಮೇಲೆ 'ಪ್ರೊಪ್ರೈಟರ್: ಶ್ರೀಮತಿ ಅಕ್ಕಯಮ್ಮ' ಅಂತ ಬರೆದಿದೆ. ಹೆಂಗಸಿನ ಹೆಸರಿನಲ್ಲಿದ್ದರೆ ಆಫೀಸಿನಲ್ಲಿ ಕೆಲಸ ಬೇಗ ಆಗುತ್ತದೆ ಅಂತ ಮಗ ಯುವರಾಜ ನನ್ನನ್ನು ಪಟ್ಟಕ್ಕೆ ಕೂರಿಸಿದ. ಪಟ್ಟದರಸಿಯ ದಿನನಿತ್ಯದ ರಾಜ್ಯಭಾರ ಅಂದರೆ ಬೆಳಿಗ್ಗೆ ಎದ್ದು ಶೆಡ್ಡು ಗುಡಿಸುವುದು, ಬತ್ತಿ ಒಣಹಾಕಿದ ಕಡೆಯಿಂದ ಕೋಳಿ ಓಡಿಸುವುದು, ಸೊಸೆ ಭಾನು ಬೆರಳು ತೋರಿಸಿದ ಜಾಗದಲ್ಲಿ ಸೈನು ಹಾಕುವುದು. ವ್ಯಾಪಾರವೆಲ್ಲ ಅವಳ ಫೋನಿನಲ್ಲಿ. ಯುವರಾಜನದು ಗಾಡಿ ಓಡಿಸುವ ಕೆಲಸ, ಮತ್ತು ಚಿಂತೆ ಮಾಡುವ ಕೆಲಸ.

ನಾನು ಈ ಮನೆಗೆ ಬಂದಾಗ ಮೆಷಿನ್ನು ಇರಲಿಲ್ಲ. ಒಂದು ಹಲಗೆ, ಇದ್ದಿಲು ಪುಡಿಯಲ್ಲಿ ಜಿಗಟು ಕಲಸಿದ ಮುದ್ದೆ, ಮತ್ತೆ ನಮ್ಮ ಅಂಗೈ. ಹೊಸೆದು ಹೊಸೆದು ಕೈ ಎಷ್ಟು ಕರ್ರಗಾಗಿತ್ತೆಂದರೆ, ಯುವರಾಜ ಕೂಸಾಗಿದ್ದಾಗ ಎತ್ತಿಕೊಂಡ ಕಡೆಯೆಲ್ಲ ದೃಷ್ಟಿಬೊಟ್ಟು ತಾನಾಗಿ ಬೀಳುತ್ತಿತ್ತು. ಆಮೇಲೆ ಒಂದು ಕಾಲ ಬಂತು. ವಿಯೆಟ್ನಾಂ ಅನ್ನುವ ದೇಶದಿಂದ ಹೊಸೆದು ಮುಗಿಸಿದ ಕರಿ ಬತ್ತಿಯೇ ಹಡಗಿನಲ್ಲಿ ಬರತೊಡಗಿತು. ನಮ್ಮ ಹಲಗೆ ಕೋಳಿಗೂಡಿನ ಬಾಗಿಲಾಯಿತು. ನಾನೂ ಮುನಿಗಂಗಮ್ಮನೂ (ಪಕ್ಕದ ಮನೆಯವಳು; ಮದುವೆಯಾಗಿ ಬಂದಾಗಿನಿಂದ ನನ್ನ ಜೊತೆ ಹೊಸೆದವಳು, ಮಿಕ್ಕ ಹೊತ್ತು ನನ್ನ ಜೊತೆ ಜಗಳವಾಡಿದವಳು) ಬೀದಿಯಲ್ಲಿ ನಿಂತು ಆ ದೇಶಕ್ಕೆ ಮಣ್ಣು ತೂರಿ ಶಾಪ ಹಾಕಿದೆವು. ಅದು ಯಾವ ದಿಕ್ಕಿಗಿದೆ ಅಂತ ಗೊತ್ತಿರಲಿಲ್ಲ. ಕೃಷ್ಣಗಿರಿ ಕಡೆಗೆ ತೂರಿದೆವು.

ಶಾಪ ತಟ್ಟಿತೋ ಏನೋ, ಹೊರಗಿನ ಬತ್ತಿ ಬರದ ಹಾಗೆ ಸರ್ಕಾರ ತಡೆ ಹಾಕಿತು. ಊರೂರಿಗೆ ಮೆಷಿನ್ನು ಬಂತು, ನಮಗೂ ಬಂತು. ಆದರೆ ಈ ಮೆಷಿನ್ನು ಹೊಸ ಅಳಿಯನ ಜಾತಿ. ನಮ್ಮ ಕಡೆಯ ಬಿದಿರು ಕಡ್ಡಿ ಬಡಿಸಿದರೆ ಕಟಕಟ ಅಂತ ಕಡಿದು ಉಗಿಯುತ್ತದೆ. ನುಣ್ಣಗೆ, ದುಂಡಗೆ ಇರುವ ವಿಯೆಟ್ನಾಂ ಕಡ್ಡಿ ಕೊಟ್ಟರೆ ಮಾತ್ರ ಸದ್ದಿಲ್ಲದೆ ತಿನ್ನುತ್ತದೆ. ಯಾವ ದೇಶಕ್ಕೆ ಮಣ್ಣು ತೂರಿದ್ದೆವೋ ಅದರ ಮುಂದೆಯೇ ಕೈಯೊಡ್ಡಿ ನಿಂತೆವು.

ಆ ಕಡ್ಡಿ ಕಳಿಸುತ್ತಿದ್ದವಳೇ ಹೂಂಗ್ ಅನ್ನುವ ಹೆಂಗಸು. ಹೆಸರು ಬೋಳಾಗಿದೆ ಅಂತ ಮುನಿಗಂಗಮ್ಮ ಅದಕ್ಕೊಂದು ಅಮ್ಮ ಸೇರಿಸಿ ಹೂಂಗಮ್ಮ ಮಾಡಿದಳು. ಭಾನು ಓದಿದ್ದು ತಮಿಳು ಶಾಲೆಯಲ್ಲಿ. ಅವಳು ತಮಿಳಿನಲ್ಲಿ ಒತ್ತಿದ್ದನ್ನು ಫೋನು ಅವರ ಭಾಷೆಗೆ ತಿರುಗಿಸಿ ಕಳಿಸುತ್ತದೆ, ಅವರದು ತಮಿಳಾಗಿ ಬರುತ್ತದೆ. ಇಡೀ ಕಂಟೇನರ್ ತರಿಸುವ ಶಕ್ತಿ ನಮ್ಮಂಥವರಿಗೆ ಎಲ್ಲಿಂದ ಬರಬೇಕು? ಯಾವುದೋ ದೊಡ್ಡ ಫ್ಯಾಕ್ಟರಿಗೆ ಹೊರಟ ಕಂಟೇನರಿನ ಮೂಲೆಯಲ್ಲಿ ನಮ್ಮ ಕಟ್ಟುಗಳನ್ನು ತುರುಕಿ ಕಳಿಸುತ್ತಿದ್ದಳು, ಮದುವೆ ಬಸ್ಸಿಗೆ ದೂರದ ನೆಂಟರನ್ನು ಹತ್ತಿಸಿಕೊಂಡ ಹಾಗೆ. ಬೇರೆ ಯಾರನ್ನು ಕೇಳಿದರೂ ಆಗುವುದಿಲ್ಲ ಅಂದಿದ್ದರು. ಇವಳೊಬ್ಬಳೇ ಆಗಲಿ ಅಂದಿದ್ದಳು.

ಹಾಗಿರುವಾಗ ಒಂದು ದಿನ ಭಾನುವಿನ ಫೋನಿಗೆ ಸುದ್ದಿ ಬಂತು. ಹೂಂಗಮ್ಮ ತಾನೇ ಇಂಡಿಯಾಕ್ಕೆ ಬರುತ್ತಾಳಂತೆ, ಕಡ್ಡಿ ಕೊಳ್ಳುವವರನ್ನೆಲ್ಲ ಕಂಡು ಹೋಗುತ್ತಾಳಂತೆ.

"ನಮ್ಮನ್ನ ಕೈ ಬಿಡಕ್ಕೇ ಬತ್ತಾವ್ಳೆ ಕಣಮ್ಮ," ಅಂದ ಯುವರಾಜ. "ಬೆಂಗ್ಳೂರ್‌ನಾಗೆ ಎಲ್ರೂ ಅದೇ ಮಾತಾಡ್ತಾವ್ರೆ. ಇನ್ಮೇಲೆ ಇಡೀ ಕಂಟೇನರ್ ತಗಳೋರ್ಗೆ ಮಾತ್ರ ಅಂತೆ ಕಡ್ಡಿ."

"ಕೈ ಬಿಡಕ್ಕೆ ಅಷ್ಟು ದೂರ್ದಿಂದ ಯಾರ್ಲಾ ಬತ್ತಾರೆ? ಫೋನ್‌ನಾಗೇ ಬಿಡ್ಬೋದಲ್ಲ."

"ಅವ್ರು ಮರ್ಯಾದಸ್ತರು ಅತ್ತೆ, ಎದುರ್ಗೆ ಬಂದು ಹೇಳ್ತಾರೆ," ಅಂದಳು ಭಾನು. "ನಿಮ್ ಮಗನ್ ಹಂಗೆ ಚಪ್ಪಲಿ ಹಾಕ್ಕೊಂಡು ಹಿತ್ಲಾಗ್ಲಿಂದ ಹೋಗಲ್ಲ."

"ನಾನ್ ಯಾವತ್ತೇ ಹೋಗಿದ್ದೆ ಹಿತ್ಲಾಗ್ಲಿಂದ?"

"ನಮ್ಮಪ್ಪ ಬಂದಾಗೆಲ್ಲ."

ಜಗಳ ಅಲ್ಲಿಗೆ ನಿಂತಿತು, ಯಾಕೆಂದರೆ ಮುಂದಿನದು ಮೂವರಿಗೂ ಗೊತ್ತಿತ್ತು. ಕಡ್ಡಿ ನಿಂತರೆ ಮೆಷಿನ್ನು ನಿಲ್ಲುತ್ತದೆ. ಮುನಿಗಂಗಮ್ಮ ಮತ್ತು ಮಿಕ್ಕ ಹೆಂಗಸರು ಈ ವಯಸ್ಸಿನಲ್ಲಿ ಎಲ್ಲಿ ಕೆಲಸ ಹುಡುಕಬೇಕು? ಯುವರಾಜ ಆಗಲೇ ಒಂದು ಕಡೆ ಸೆಕ್ಯೂರಿಟಿ ಕೆಲಸಕ್ಕೆ ಹೇಳಿಟ್ಟಿದ್ದ. ಅವನ ಹೊಟ್ಟೆಗೆ ಹಿಡಿಸುವ ಯೂನಿಫಾರಂ ಇನ್ನೂ ಸಿಕ್ಕಿರಲಿಲ್ಲ, ಅಷ್ಟೇ ನಮಗಿದ್ದ ಸಮಾಧಾನ.

ನನಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಬೆಳಿಗ್ಗೆ ಶೆಡ್ಡಿಗೆ ಹೋದಾಗ ಬುದ್ಧಿ ಬಂತು. (ಈಗ ಯೋಚಿಸಿದರೆ ನಿದ್ದೆ ಬಂದಿದ್ದರೇ ಚೆನ್ನಾಗಿತ್ತು.)

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ದಿನಾ ಬೆಳಿಗ್ಗೆ, ಒಣಗಿದ ಬತ್ತಿಯಲ್ಲಿ ಮೊದಲ ಹಿಡಿಯನ್ನು ಮಾರುವುದಿಲ್ಲ. ಅದನ್ನು ನಮಗೆ ಅನ್ನ ಕೊಡುವ ವಸ್ತುಗಳಿಗೆ ಹಚ್ಚುತ್ತೇವೆ. ಮೆಷಿನ್ನಿಗೆ ಎರಡು, ತಕ್ಕಡಿಗೆ ಎರಡು, ಕಡ್ಡಿ ಕಟ್ಟಿಗೆ ಎರಡು, ಕರೆಂಟ್ ಮೀಟರಿಗೆ ಎರಡು. ಹಚ್ಚಿದ್ದನ್ನು ಚುಚ್ಚುವುದಕ್ಕೆ ಒಂದು ಲೋಟದ ತುಂಬ ಅಕ್ಕಿ. ನನ್ನ ಅತ್ತೆಯ ಕಾಲದಿಂದ ಹೀಗೇ ನಡೆದಿದೆ. ಅವತ್ತು ಕಡ್ಡಿ ಕಟ್ಟಿಗೆ ಹಚ್ಚುತ್ತಾ ನಿಂತಿದ್ದೆ. ಕಡ್ಡಿಗೆ ಹಚ್ಚುತ್ತೇವಲ್ಲ, ಕಡ್ಡಿ ಕೊಡುವವಳಿಗೆ ಯಾವತ್ತಾದರೂ ಹಚ್ಚಿದ್ದೇವಾ ಅನ್ನಿಸಿತು. ಬಂದವಳು ಒಳಗೆ ಕಾಲಿಟ್ಟ ತಕ್ಷಣ ತನ್ನ ಫೋಟೋದ ಮುಂದೆ ಹೊಗೆ ಆಡುವುದನ್ನು ನೋಡಿದರೆ, ಎಂಥ ಕಲ್ಲುಹೃದಯದವಳಾದರೂ ಕೈ ಬಿಡುತ್ತೇನೆ ಅನ್ನುವ ಮಾತು ಗಂಟಲಲ್ಲೇ ನಿಲ್ಲುವುದಿಲ್ಲವೇ?

(ನಿಂತಿತು. ಅದನ್ನು ಆಮೇಲೆ ಹೇಳುತ್ತೇನೆ.)

ಫೋಟೋ ಹುಡುಕಬೇಕಾಗಿರಲಿಲ್ಲ. ವರ್ಷಕ್ಕೊಂದು ಸಲ ಕಡ್ಡಿ ಮೂಟೆಯಲ್ಲಿ ಅವಳ ಕಂಪನಿಯ ಕ್ಯಾಲೆಂಡರು ಬರುತ್ತಿತ್ತು, ಅದರ ಮೂಲೆಯಲ್ಲಿ ಅವಳ ಮುಖ. ಬಾಚಿ ಕಟ್ಟಿದ ಕೂದಲು, ನಗದೆ ನೇರ ನೋಡುವ ಕಣ್ಣು. ಅದನ್ನು ಕತ್ತರಿಸಿ ಸೆರಗಿನಲ್ಲಿ ಗಂಟು ಹಾಕಿಕೊಂಡು, ಭಾನುವಿಗೆ ಗೊತ್ತಾಗದ ಹಾಗೆ ಮುನಿಗಂಗಮ್ಮನ ಜೊತೆ ಸೂಳಗಿರಿಗೆ ಹೋದೆ. ಅಲ್ಲಿ ಫೋಟೋ ಸ್ಟುಡಿಯೋ ಮುತ್ತರಾಯಪ್ಪ ಇದ್ದಾನೆ. ನಮ್ಮ ಯಜಮಾನರ ಫೋಟೋ ದೊಡ್ಡದು ಮಾಡಿಕೊಟ್ಟವನೂ ಅವನೇ.

"ಯಾರಕ್ಕ ಇವ್ರು?" ಅಂದ, ಕಾಗದ ಬೆಳಕಿಗೆ ಹಿಡಿದು.

"ನಮ್ಗೆ ಅನ್ನ ಕೊಟ್ಟೋರು ಕಣಪ್ಪ. ದೊಡ್ಡದು ಮಾಡಿ ಕಟ್ಟು ಹಾಕ್ಕೊಡು. ಯಜಮಾನ್ರ ಫೋಟೋ ಪಕ್ಕ ಇಡ್ಬೇಕು."

"ಪಾಪ," ಅಂದ ಮುತ್ತರಾಯಪ್ಪ. "ಏನ್ ಅಂಥಾ ವಯಸ್ಸೂ ಆಗಿಲ್ಲ."

ಅವನು ಯಾಕೆ ಪಾಪ ಅಂದ ಅಂತ ನಾನು ಕೇಳಬೇಕಿತ್ತು. ಕೇಳಲಿಲ್ಲ. ಎರಡು ದಿನ ಬಿಟ್ಟು ಹೋದಾಗ ಹೂಂಗಮ್ಮ ಬಿಳಿ ಮೋಡಗಳ ನಡುವೆ ತೇಲುತ್ತಿದ್ದಳು. ಎರಡು ಕಡೆಗೂ ಉರಿಯುವ ದೀಪ, ಕೆಳಗೆ ಒಂದು ತಾವರೆ. ಮುತ್ತರಾಯಪ್ಪನ ಅಂಗಡಿಗೆ ಕಟ್ಟು ಹಾಕಿಸಲು ಯಾವ ಮುಖ ಬಂದರೂ ಅದಕ್ಕೆ ಇದೇ ಮೋಡ. ನಮ್ಮ ಯಜಮಾನರೂ ಇದೇ ಮೋಡದಲ್ಲಿದ್ದಾರೆ. ನನಗೆ ಮಾತ್ರ, ಹೂಂಗಮ್ಮ ವಿಮಾನದಲ್ಲಿ ಬರುವವಳು, ಮೋಡ ಒಪ್ಪುತ್ತದೆ ಅನ್ನಿಸಿತು.

ಅವಳು ಬರುವ ದಿನ ಮಗ ಸೊಸೆ ಇಬ್ಬರೂ ಕಾರು ಮಾಡಿಕೊಂಡು ಬೆಂಗಳೂರಿಗೆ ಹೊರಟರು. ಹೊಸಲು ದಾಟುವಾಗ ಭಾನು ತಿರುಗಿ ನಿಂತಳು.

"ಅತ್ತೆ, ನೀವೇನೂ ಮಾಡ್ಬೇಡಿ. ಸುಮ್ನೆ ಕುಂತಿರಿ."

"ನನ್ ಹೆಸ್ರಲ್ಲಿರೋ ಶೆಡ್ಡು, ನಾನೇನೂ ಮಾಡ್ಬಾರ್ದಾ?"

"ಬೋರ್ಡಲ್ಲಿ ಐತಲ್ಲ ನಿಮ್ಮೆಸ್ರು, ಅಷ್ಟು ಸಾಕು."

ಆ ಮಾತು ನನ್ನನ್ನು ಚುಚ್ಚಿತು. ಕಾರು ತಿರುವಿನಲ್ಲಿ ಮರೆಯಾದದ್ದೇ ತಡ, ನಾನೂ ಮುನಿಗಂಗಮ್ಮನೂ ಮಹಾಕಾರ್ಯಕ್ಕೆ ಕೈ ಹಾಕಿದೆವು. ನಡುಮನೆಯಲ್ಲಿ ಯಜಮಾನರ ಫೋಟೋದ ಪಕ್ಕ ಮೊಳೆ ಹೊಡೆದು ಹೂಂಗಮ್ಮನನ್ನು ತೂಗುಹಾಕಿದೆವು. ಕೆಳಗೆ ಮಣೆ, ಮಣೆ ಮೇಲೆ ಲೋಟದ ತುಂಬ ಅಕ್ಕಿ, ಒಂದು ಚಿಪ್ಪು ಬಾಳೆಹಣ್ಣು.

"ಹಾರ ಹಾಕೋಣ್ವೇನಕ್ಕ?" ಅಂದಳು ಮುನಿಗಂಗಮ್ಮ.

"ನಿನ್ಗೇನ್ ಬುದ್ಧಿ ಐತಾ? ಬದ್ಕಿರೋರ್ ಫೋಟೋಕ್ಕೆ ಯಾರಾನ ಹಾರ ಹಾಕ್ತಾರಾ?" ಅಂತ ಬೈದೆ. (ಅಷ್ಟು ವಿವೇಕ ನನಗಿತ್ತು ಅನ್ನುವುದನ್ನು ದಯವಿಟ್ಟು ನೆನಪಿಡಿ.)

"ಹಂಗಾದ್ರೆ ಬತ್ತೀನಾದ್ರೂ ಅವ್ರ ಪದ್ಧತಿ ಹಂಗೆ ಹಚ್ಚು. ಅವ್ರು ಮೂರು ಹಚ್ತಾರಂತೆ, ನಮ್ ಮೊಮ್ಮಗ್ಳು ಸರಳಾ ಫೋನ್‌ನಾಗೆ ತೋರ್ಸಿದ್ಳು."

ನಮ್ಮಲ್ಲಿ ದೇವರಿಗೆ ಎರಡು. ಒಂಟಿ ಕಡ್ಡಿ ಹೆಣದ ತಲೆದೆಸೆಗೆ. ಮೂರರ ಲೆಕ್ಕ ನಮಗೆ ಗೊತ್ತಿಲ್ಲ. ಆದರೂ ಬಂದ ನೆಂಟರಿಗೆ ಅವರ ರುಚಿಯಂತೆ ಬಡಿಸಬೇಕು ತಾನೇ? ಮೂರು ಹಚ್ಚಿದೆ.

ಹೊತ್ತಿಗೆ ಸರಿಯಾಗಿ ಬಂದಿದ್ದರೆ ಹೇಗಿರುತ್ತಿತ್ತೋ. ಅವರು ಬರಲಿಲ್ಲ. ಗಡಿಯ ಜೂಜುವಾಡಿಯಲ್ಲಿ ಲಾರಿಗಳ ನಡುವೆ ಸಿಕ್ಕಿಕೊಂಡಿದ್ದೇವೆ ಅಂತ ಯುವರಾಜನ ಫೋನು ಬಂತು. ಮೂರೂ ಉರಿದು ಮುಗಿದವು, ಇನ್ನು ಮೂರು ಹಚ್ಚಿದೆ. ಸಾನಮಾವು ಕಾಡಿನ ಹತ್ತಿರ ರಸ್ತೆಗೆ ಆನೆ ಇಳಿದಿವೆ, ಗಾಡಿ ಬಿಡುತ್ತಿಲ್ಲ ಅಂತ ಇನ್ನೊಂದು ಫೋನು. ಮತ್ತೆ ಮೂರು. ಆರಿದ ಬುಡಗಳನ್ನು ಕೀಳುವುದು ಅಶುಭ ಅಂತ ಹಾಗೇ ಬಿಟ್ಟೆ. ಕಾರು ಬಾಗಿಲಿಗೆ ಬರುವ ಹೊತ್ತಿಗೆ ಲೋಟದಲ್ಲಿ ಅಕ್ಕಿ ಕಾಣುತ್ತಿರಲಿಲ್ಲ. ಬೂದಿಯ ಗುಡ್ಡೆ, ಅದರ ಮೇಲೆ ಬುಡಗಳ ಕಾಡು. ನಡುಮನೆಯ ಹೊಗೆಯಲ್ಲಿ ನಮ್ಮ ಯಜಮಾನರ ಮೂಗು ಮಾತ್ರ ಕಾಣುತ್ತಿತ್ತು. ಹೊಸದಾಗಿ ಯಾರಾದರೂ ಬಂದು ನೋಡಿದರೆ, ಈ ಹೆಂಗಸು ಸತ್ತು ಬಹಳ ಕಾಲವಾಗಿದೆ, ಪಾಪ ಮನೆಯವರು ಇನ್ನೂ ಮರೆತಿಲ್ಲ ಅಂದುಕೊಳ್ಳಬೇಕು, ಹಾಗಿತ್ತು.

ಹೂಂಗಮ್ಮ ಇಳಿದಳು. ನನ್ನ ಭುಜದಷ್ಟು ಎತ್ತರ, ಗಾಳಿ ಬೀಸಿದರೆ ಹಾರುವ ಹಾಗೆ ಸಣ್ಣಗೆ. ಆ ಬಿಸಿಲಿನಲ್ಲೂ ಕಿವಿ ಮುಚ್ಚುವ ಉಣ್ಣೆ ಟೋಪಿ ಹಾಕಿದ್ದಳು. ಅವರ ದೇಶದ ಉಡುಪಿರಬೇಕು ಅಂದುಕೊಂಡೆ. ನಗುತ್ತಾ ಹೊಸಲು ದಾಟಿದಳು. ಎರಡು ಹೆಜ್ಜೆ ಇಟ್ಟು ನಿಂತಳು.

ಅವಳ ಹಿಂದೆ ಬಂದ ಭಾನು ಗೋಡೆ ನೋಡಿದಳು, ಮಣೆ ನೋಡಿದಳು, ನನ್ನನ್ನು ನೋಡಿದಳು.

"ಅತ್ತೆ! ಏನ್ ಮಾಡ್ಬುಟ್ರಿ?"

"ಹಾರ ಹಾಕಿಲ್ಲ ಕಣೆ!"

"ಹಾರ ಒಂದೇ ಬಾಕಿ!"

"ಮೂರು ಹಚ್ಚಿದೀವಿ," ಅಂದಳು ಮುನಿಗಂಗಮ್ಮ ಹಿಂದಿನಿಂದ, ಹೆಮ್ಮೆಯಿಂದ.

"ಅಯ್ಯೋ, ಅವ್ರ ಊರಲ್ಲಿ ಫೋಟೋ ಮುಂದೆ ಬತ್ತಿ ಹಚ್ಚೋದು ಸತ್ತೋರ್ಗೆ!" ಅಂತ ಭಾನು ಹಲ್ಲು ಕಚ್ಚಿ ಪಿಸುಗುಟ್ಟಿದಳು. "ಹಿರೀಕರ ಪೂಜೆಗೆ! ಅಕ್ಕಿ ಲೋಟ, ಮೂರು ಕಡ್ಡಿ, ಎಲ್ಲಾ ಹಿಂಗೇನೇ! ನೀವು ಒಂದೂ ಬಿಟ್ಟಿಲ್ವಲ್ಲ!"

ಯುವರಾಜ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಸೆಕ್ಯೂರಿಟಿ ಯೂನಿಫಾರಂ ಅವನ ಕಣ್ಣ ಮುಂದೆ ಬಂದಿರಬೇಕು. ಏನೂ ಮಾಡಬೇಡಿ ಅಂತ ಭಾನು ಅಂದಿದ್ದಳು. ಬೋರ್ಡಿನಲ್ಲಿ ಹೆಸರಾಗಿ ಇದ್ದಿದ್ದರೆ ಸಾಕಿತ್ತು. ಎಷ್ಟು ಜನರ ಅನ್ನವನ್ನು ಒಂದು ಲೋಟ ಅಕ್ಕಿಯಲ್ಲಿ ಹೂತೆನಲ್ಲಾ ಅನ್ನಿಸಿತು.

ಹೂಂಗಮ್ಮ ತನ್ನ ಫೋಟೋದ ಹತ್ತಿರಕ್ಕೆ ಹೋದಳು. ಆಮೇಲೆ ಫೋನು ಬಾಯಿಯ ಹತ್ತಿರ ಹಿಡಿದು ಮೆಲ್ಲಗೆ ಏನೋ ಹೇಳಿದಳು. ಫೋನಿನೊಳಗಿನ ತಮಿಳು ಹುಡುಗಿ ಟೀವಿಯಲ್ಲಿ ವಾರ್ತೆ ಓದುವವಳ ಹಾಗೆ ಉತ್ಸಾಹದಿಂದ ಕೇಳಿದಳು: "ವಣಕ್ಕಂ! ಉಂಗಳುಕ್ಕು ಯಾರ್ ಸೊನ್ನದು?"

ನಿಮಗೆ ಯಾರು ಹೇಳಿದರು ಅಂತ. ಏನನ್ನು ಯಾರು ಹೇಳಬೇಕು? ಆಗ ಹೂಂಗಮ್ಮ ಟೋಪಿ ತೆಗೆದಳು. ತಲೆಯಲ್ಲಿ ಒಂದು ಕೂದಲಿರಲಿಲ್ಲ.

"ಮುಡಿ ಕೊಟ್ಟವ್ರೆ ಪಾಪ," ಅಂದಳು ಮುನಿಗಂಗಮ್ಮ. "ತಿರುಪ್ತಿಗೆ ಹೋಗ್ಬಂದ್ರೇನೋ."

ತಿರುಪತಿಯಲ್ಲ. ಫೋನಿನ ಹುಡುಗಿ ಒಂದೊಂದಾಗಿ, ಅದೇ ಉತ್ಸಾಹದಲ್ಲಿ, ಹೇಳುತ್ತಾ ಹೋದಳು. ಹೊಟ್ಟೆಯಲ್ಲಿ ಗೆಡ್ಡೆ. ಡಾಕ್ಟರು ಕೈಚೆಲ್ಲಿದ್ದಾರೆ. ಮುಂದಿನ ಹೊಸ ವರ್ಷ ನೋಡುವುದು ಅನುಮಾನ. ಅದಕ್ಕೇ ಕಾಲಲ್ಲಿ ಶಕ್ತಿ ಇರುವಾಗಲೇ, ಇಷ್ಟು ವರ್ಷ ತನ್ನ ಕಡ್ಡಿ ಕೊಂಡವರ ಮುಖ ಒಂದು ಸಲ ನೋಡಿ ಬರೋಣ ಅಂತ ಹೊರಟಿದ್ದಾಳೆ. ಅವರ ಕಡೆ ವಯಸ್ಸಾದವರು ಬದುಕಿರುವಾಗಲೇ, ಮುಂದೆ ಪೂಜೆಗೆ ಇಡುವ ಫೋಟೋ ಮಾಡಿಸಿಟ್ಟುಕೊಳ್ಳುವುದುಂಟಂತೆ. ಇವಳು ಆಸೆಪಟ್ಟರೆ ಮಕ್ಕಳು ಬಾಯಿ ಮುಚ್ಚಿಸುತ್ತಾರೆ. ಅಪಶಕುನ ಮಾತಾಡಬೇಡ, ನಿನಗೇನೂ ಆಗುವುದಿಲ್ಲ ಅನ್ನುತ್ತಾರೆ. ಗಂಡ ಸತ್ತಿದ್ದಾನೆ. ಸಾವಿನ ಮಾತಾಡುವುದಕ್ಕೆ ಮನೆಯಲ್ಲಿ ಒಂದು ಜೀವ ಇಲ್ಲ.

"ನೀವು ಮಾತ್ರ ಸುಳ್ಳು ಹೇಳಲಿಲ್ಲ," ಅಂತ ಫೋನು ತಮಿಳಿನಲ್ಲಿ ನನ್ನನ್ನು ಹೊಗಳಿತು. "ಧನ್ಯವಾದಗಳು!"

"ನಾನೆಲ್ಲಿ ತಾಯಿ ಅದ್ನೆಲ್ಲ ಹೇಳ್ದೆ? ಮೆಷಿನ್ನಿಗೆ ಹಚ್ದಂಗೆ ನಿನ್ಗೂ..." ಅಂತ ನಾನು ಬಾಯಿ ತೆರೆದೆ. ಭಾನು ನನ್ನ ಸೊಂಟಕ್ಕೆ ಎಂಥ ಚಿವುಟು ಚಿವುಟಿದಳೆಂದರೆ, ಸತ್ಯ ಒಳಗೇ ಸತ್ತಿತು. ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ಹೂಂಗಮ್ಮ ನನ್ನ ಕೈ ಹಿಡಿದಳು. ಅವಳ ಅಂಗೈ ತುಂಬ ಬಿದಿರು ಸೀಳಿದ ಹಳೆಯ ಗೀರುಗಳು. ನನ್ನದು ಇದ್ದಿಲು ಕುಡಿದು ಕಪ್ಪಗಾದದ್ದು, ಇವತ್ತಿಗೂ ಬಿಟ್ಟಿಲ್ಲ. ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದಳು. ಆ ಚಿವುಟಿನ ನೀರು ಯಾವಾಗ ನಿಜವಾದ ಅಳುವಾಯಿತೋ ನನಗೂ ತಿಳಿಯಲಿಲ್ಲ.

ಆಮೇಲೆ ಅವಳು ನಮ್ಮ ಯಜಮಾನರ ಫೋಟೋಕ್ಕೆ ಮೂರು ಸಲ ನಡು ಬಗ್ಗಿಸಿ ನಮಸ್ಕಾರ ಮಾಡಿದಳು. ಬದುಕಿದ್ದಾಗ ಅವರಿಗೆ ಯಾರೂ ಅಷ್ಟು ಬಗ್ಗಿರಲಿಲ್ಲ. ಬೂದಿಯನ್ನು ಬೆರಳಲ್ಲಿ ಮುಟ್ಟಿ, ಮೂಗಿಗೆ ಹಿಡಿದು, ಫೋನಿಗೆ ಇನ್ನೊಂದು ಮಾತು ಹೇಳಿದಳು. ಇದ್ದಿಲು ಜಾಸ್ತಿ ಹಾಕುತ್ತೀರಿ, ಕಣ್ಣು ಉರಿಯುತ್ತದೆ ಅಂತ. ತನ್ನ ತಿಥಿಯಲ್ಲೂ ಸರಕು ಪರೀಕ್ಷೆ ಮಾಡಿದ ವ್ಯಾಪಾರಸ್ಥೆ ಅವಳು.

ಊಟಕ್ಕೆ ಕೂತಾಗ ಯುವರಾಜ ಹೆಂಡತಿಯನ್ನು ತಿವಿದ.

"ಕಡ್ಡಿ ವಿಷ್ಯ ಕೇಳೇ."

"ಹೆಂಗ್ರೀ ಕೇಳೋದು? ಸಾಯ್ತೀನಿ ಅಂತಾವ್ರೆ!"

"ಅದ್ಕೇ ಈಗ್ಲೇ ಕೇಳು."

ಭಾನು ತಲೆ ತಗ್ಗಿಸಿಕೊಂಡು ಒತ್ತಿದಳು. ಹೂಂಗಮ್ಮ ಓದಿದಳು. ತನ್ನ ನಂತರ ಎಲ್ಲ ಮಗನದು ಅಂದಳು. ಅವನಿಗೆ ಇಡೀ ಕಂಟೇನರ್ ಕೊಳ್ಳುವವರು ಮಾತ್ರ ಸಾಕು, ಮೂಲೆಯಲ್ಲಿ ತುರುಕುವ ಸಣ್ಣ ಗಿರಾಕಿಗಳು ಬೇಡ. ಆದರೆ ಸಾಯುವ ತಾಯಿಗೆ ಕೊಟ್ಟ ಮಾತು ಅವನು ಮೀರುವವನಲ್ಲ. ಇಷ್ಟು ಹೇಳಿ ಅವಳು ನನ್ನ ಕಡೆ ತಿರುಗಿದಳು.

"ಈ ಅಮ್ಮನಿಗೆ ಎಷ್ಟು ವಯಸ್ಸು?"

ಅದು ನನಗೇ ಗೊತ್ತಿಲ್ಲ. ಆಧಾರ್ ಕಾರ್ಡಿನದು ಒಂದು, ನಾನು ಹೇಳುವುದು ಒಂದು, ಮುನಿಗಂಗಮ್ಮ ಹೇಳುವುದು ಇನ್ನೊಂದು. ಹೂಂಗಮ್ಮ ಬಿಡಲಿಲ್ಲ. ಸಕ್ಕರೆ ಕಾಯಿಲೆ ಇದೆಯಾ? ಬಿಪಿ? ಎಲ್ಲಾದರೂ ಬಿದ್ದಿದ್ದಾರಾ? ಊಟ ಸೇರುತ್ತದಾ? ಸಂತೆಯಲ್ಲಿ ಹಸು ಕೊಳ್ಳುವವರ ಹಾಗೆ ಕೇಳಿದಳು. ಇನ್ನೇನು ಹಲ್ಲು ತೋರಿಸಬೇಕಾಗುತ್ತದೆ ಅಂತ ನಾನು ಬಾಯಿ ಅರೆ ತೆರೆದಿದ್ದೆ. ಕೊನೆಗೆ ಫೋನಿನ ಹುಡುಗಿ ತೀರ್ಪು ಓದಿದಳು. ಈ ಅಮ್ಮ ಇರುವವರೆಗೆ ಈ ಮನೆಗೆ ಕಡ್ಡಿ ಬರುತ್ತದೆ. ಮಗನ ಹತ್ತಿರ ಮಾತು ತೆಗೆದುಕೊಳ್ಳುತ್ತೇನೆ. ಅವರು ಹೋದ ಮೇಲೆ ಅವನ ಇಷ್ಟ.

ಆಗ ನನ್ನ ಮಗ ನನ್ನನ್ನು ನೋಡಿದ ನೋಟ ನಾನು ಸಾಯುವವರೆಗೆ ಮರೆಯುವುದಿಲ್ಲ. ಹಳೇ ಗಾಡಿ ಕೊಳ್ಳುವವನು ಟೈರು ನೋಡುವ ನೋಟ.

"ಅಮ್ಮನ್ ಬದ್ಲು ಭಾನು ಇರೋವರ್ಗೂ ಅಂತ ಬರ್ಸ್ಕಳೋಕಾಗಲ್ವಾ?" ಅಂತ ಗೊಣಗಿದ.

ಹೊರಡುವಾಗ ಹೂಂಗಮ್ಮ ಫೋಟೋ ಕೇಳಿದಳು. ನನ್ನದೊಂದು ಹಳೇ ಸೀರೆಯಲ್ಲಿ ಸುತ್ತಿ ಕೊಟ್ಟೆ, ಜೊತೆಗೆ ನಮ್ಮ ಬತ್ತಿಯದೊಂದು ಕಟ್ಟು. ಕಾರಿನ ಕಿಟಕಿಯಿಂದ ಬಹಳ ದೂರ ಕೈ ಆಡಿಸುತ್ತಿದ್ದಳು. ಗೋಡೆಯಲ್ಲಿ ಮೊಳೆ ಮಾತ್ರ ಉಳಿಯಿತು. ನಮ್ಮ ಯಜಮಾನರು ಮತ್ತೆ ಒಂಟಿಯಾದರು.

ಅವಳು ಹೊಸ ವರ್ಷದವರೆಗೆ ಇರಲಿಲ್ಲ. ಅವರೆಕಾಯಿ ಸೊಗಡಿಗೆ ಬರುವ ಹೊತ್ತಿಗೆ ಅವಳ ಮಗನಿಂದ ಸುದ್ದಿ ಬಂತು, ಜೊತೆಗೊಂದು ಚಿತ್ರ. ಅವರ ಮನೆಯ ಪೂಜೆಯ ಜಾಗ, ಕೆಂಪು ಬಣ್ಣದ ಎತ್ತರದ ಮೇಜು, ಅದರ ಮೇಲೆ ಅದೇ ಮೋಡ, ಅದೇ ತಾವರೆ. ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಮುತ್ತರಾಯಪ್ಪನ ಸ್ಟುಡಿಯೋ ಹೆಸರು ಮತ್ತು ಫೋನ್ ನಂಬರು. ಮುಂದೆ ಮೂರು ಕಡ್ಡಿ. ನಾನು ಕಟ್ಟಿ ಕೊಟ್ಟ ಬತ್ತಿಯೇ ಅದು. ಬಣ್ಣ ನೋಡಿದರೆ ನನಗೆ ಗೊತ್ತಾಗುತ್ತದೆ. ಅವಳ ಊರಿನ ಬಿದಿರು ಹಡಗು ಹತ್ತಿ ನಮ್ಮೂರಿಗೆ ಬಂದು, ಕಪ್ಪಾಗಿ, ಮತ್ತೆ ಅವಳ ಊರಿಗೇ ಹೋಗಿ ಅವಳ ಮುಂದೆ ಉರಿದಿತ್ತು. ನಾನು ಅಡುಗೆಮನೆಗೆ ಹೋಗಿ, ಬೇಡದಿದ್ದರೂ ಒಂದು ಬುಟ್ಟಿ ಈರುಳ್ಳಿ ಹೆಚ್ಚಿದೆ.

ಕಡ್ಡಿ ನಿಲ್ಲಲಿಲ್ಲ. ಹೂಂಗಮ್ಮನ ಮಗ ಮಾತು ಉಳಿಸಿಕೊಂಡಿದ್ದಾನೆ. ಆದರೆ ಅವನೂ ವ್ಯಾಪಾರಸ್ಥೆಯ ಮಗ. ಪ್ರತಿ ಸಲ ಕಟ್ಟು ಹತ್ತಿಸುವ ಮುಂಚೆ ಬಹಳ ವಿನಯದಿಂದ ಕೇಳುತ್ತಾನೆ, ಅಮ್ಮ ಹೇಗಿದ್ದಾರೆ, ದಯವಿಟ್ಟು ಒಂದು ಫೋಟೋ ಕಳಿಸಿ ಅಂತ. ವಿಧವಾ ಪೆನ್ಷನ್ನಿಗೆ ಬದುಕಿದ್ದೇನೆ ಅಂತ ತೋರಿಸುವುದು ಗೊತ್ತಿತ್ತು. ಈಗ ಹಡಗಿಗೂ ತೋರಿಸಬೇಕು. ಅವತ್ತಿನ ಪೇಪರನ್ನು ಎದೆಗೆ ಹಿಡಿದು ಬೋರ್ಡಿನ ಕೆಳಗೆ ನಿಲ್ಲುತ್ತೇನೆ.

"ಪೇಪರ್ ಒಸಿ ಮೇಲಕ್ ಹಿಡ್ಕಮ್ಮ, ತಾರೀಕು ಕಾಣ್ಲಿ. ನಗು. ಜಾಸ್ತಿ ನಗ್ಬೇಡ, ಸುಸ್ತಾದಂಗ್ ಕಾಣ್ತೀಯ."

ಮನೆಯಲ್ಲಿ ನನ್ನ ಸ್ಥಾನ ಏರಿದೆ. ಪೊರಕೆ ಕಿತ್ತುಕೊಂಡರು, ಬಗ್ಗಬಾರದಂತೆ. ಕೋಳಿ ಓಡಿಸುವ ಹಾಗಿಲ್ಲ; ಓಡಿದರೆ ಎದೆ ಹೊಡೆದುಕೊಳ್ಳುತ್ತದಂತೆ. ಉಪ್ಪಿನಕಾಯಿ ಜಾಡಿ ಅಟ್ಟ ಸೇರಿತು. ಇಷ್ಟು ವರ್ಷ ಯಾರೂ ವಿಚಾರಿಸದ ನನ್ನ ಮೊಣಕಾಲನ್ನು ಈಗ ಸೊಸೆ ಬೆಳಿಗ್ಗೆ ಸಂಜೆ ವಿಚಾರಿಸುತ್ತಾಳೆ, ಬಚ್ಚಲಿಗೆ ಕೈ ಹಿಡಿದು ನಡೆಸುತ್ತಾಳೆ. ಸಾನಮಾವು ಆನೆಗಳಿಗೂ ಇಷ್ಟು ಕಾವಲಿಲ್ಲ. ಒಂದು ದಿನ ಸಪ್ಪೆ ಸಾರು ಕಲಸುತ್ತಾ, "ಈ ಬಾಳಿಗೆ ಸಾಯೋದೇ ವಾಸಿ" ಅಂತ ಬಾಯಿ ತಪ್ಪಿ ಅಂದೆ. ಮಗ ಸೊಸೆ ಇಬ್ಬರೂ ಒಂದೇ ಉಸಿರಿಗೆ ಕೂಗಿಕೊಂಡರು: "ಅಯ್ಯೋ, ಕಡ್ಡಿ ಇನ್ನೂ ಹಡಗಲ್ಲೈತೆ!"

ಗುಡಿಸುವ ಕೆಲಸ ಇಲ್ಲದ ಮೇಲೆ ನನಗೆ ಶೆಡ್ಡಿನಲ್ಲಿ ಒಂದು ಕುರ್ಚಿ ಹಾಕಿಕೊಟ್ಟಿದ್ದಾರೆ, ಮೆಷಿನ್ನುಗಳ ಪಕ್ಕದಲ್ಲಿ, ಎಲ್ಲರ ಕಣ್ಣಿಗೆ ಬೀಳುವ ಹಾಗೆ. ಮೊನ್ನೆ ಬೆಳಿಗ್ಗೆ ಅಲ್ಲೇ ಕೂತಲ್ಲೇ ತೂಕಡಿಕೆ ಹತ್ತಿತು. ಮೂಗಿಗೆ ಹೊಗೆ ಬಡಿದು ಕಣ್ಣು ಬಿಟ್ಟೆ. ಮುನಿಗಂಗಮ್ಮ ದಿನದ ಮೊದಲ ಹಿಡಿ ಹಚ್ಚಿಕೊಂಡು ಸಾಲಾಗಿ ಬರುತ್ತಿದ್ದಳು. ಮೆಷಿನ್ನಿಗೆ ಹಚ್ಚಿದ್ದಳು, ತಕ್ಕಡಿಗೆ ಹಚ್ಚಿದ್ದಳು, ಕಡ್ಡಿ ಕಟ್ಟಿಗೆ, ಮೀಟರಿಗೆ ಹಚ್ಚಿದ್ದಳು. ಸಾಲಿನ ಕೊನೆಯಲ್ಲಿ, ನನ್ನ ಕಾಲ ಬುಡದಲ್ಲಿ, ಅಕ್ಕಿ ತುಂಬಿದ ಲೋಟ ಇಟ್ಟು ಕಡ್ಡಿ ಚುಚ್ಚುತ್ತಿದ್ದಳು.

ನಾನು ಬಗ್ಗಿ ಎಣಿಸಿದೆ. ಎರಡು.

"ಯಾಕಕ್ಕ ಎಣಿಸ್ತೀಯ?" ಅಂದಳು ಮುನಿಗಂಗಮ್ಮ, ಲೋಟ ಸರಿಮಾಡುತ್ತಾ. "ಒಂಟಿ ಕಡ್ಡಿ ಹಚ್ಚೋ ದಿನ ಎಣ್ಸಕ್ಕೆ ನೀನಿರಲ್ಲ ಬುಡು."